ಚೆಂಡನ್ನು ಬಿಡಿ, ನಡುವೆ ಬಗ್ಗಿ ನಿಂತ ಐದು ಜನರನ್ನು ನೋಡಿ: ಅಮೆರಿಕನ್ ಫುಟ್‌ಬಾಲ್ ಅರ್ಥ ಮಾಡಿಕೊಳ್ಳುವ ದಾರಿ

ಕ್ಯಾಲಿಫೋರ್ನಿಯಾಕ್ಕೆ ಬಂದ ಮೊದಲ ವರ್ಷ, ಒಂದು ಭಾನುವಾರ ಪಕ್ಕದ ಮನೆಯವರು ಮ್ಯಾಚ್ ನೋಡಲು ಕರೆದರು. ಹೋದೆ. ಮೂರು ಗಂಟೆಗಿಂತ ಜಾಸ್ತಿ ಕೂತೆ. ಎಲ್ಲರೂ ಕೂಗುತ್ತಿದ್ದಾರೆ, ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದಾರೆ, ನನಗೆ ಮಾತ್ರ ಯಾಕೆ ಅಂತ ಗೊತ್ತಾಗುತ್ತಿಲ್ಲ. ಒಂದಷ್ಟು ಜನ ಸಾಲಾಗಿ ನಿಲ್ಲುತ್ತಾರೆ, ನಾಲ್ಕೈದು ಸೆಕೆಂಡು ಗುದ್ದಾಡುತ್ತಾರೆ, ವಿಶಲ್ ಊದುತ್ತಾರೆ, ಮತ್ತೆ ಎದ್ದು ಸಾಲಾಗಿ ನಿಲ್ಲುತ್ತಾರೆ. ಚೆಂಡು ಯಾರ ಕೈಯಲ್ಲಿದೆ ಅಂತ ನಾನು ಹುಡುಕುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಆ ಮನೆಯ ಹಿರಿಯರೊಬ್ಬರು ನನ್ನ ಅವಸ್ಥೆ ನೋಡಿ ಹತ್ತಿರ ಬಂದು ಕೂತು ಹೇಳಿದರು: ಚೆಂಡು ನೋಡಬೇಡ, ನಡುವೆ ಬಗ್ಗಿ ನಿಂತಿರೋ ಆ ಐದು ದಪ್ಪ ಜನರನ್ನ ನೋಡು, ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಅವರೇ ಹೇಳ್ತಾರೆ.

ಅವತ್ತಿನಿಂದ ಈ ಆಟ ನನಗೆ ಬೇರೆಯೇ ಆಯಿತು. ಈಗ ಊರಿಂದ ಯಾರೇ ಬರಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರೇ ಇರಲಿ, ನಾನು ಹೇಳಿಕೊಡುವುದು ಇದೇ ದಾರಿಯಲ್ಲಿ. ಆದರೆ ಆ ಐದು ಜನರ ಹತ್ತಿರ ಹೋಗುವ ಮುಂಚೆ ಒಂದು ಸಣ್ಣ ಲೆಕ್ಕ ಗೊತ್ತಿರಬೇಕು.

ಪರದೆಯ ಕೆಳಗಿನ ಎರಡು ಅಂಕಿ

ಟಿವಿಯಲ್ಲಿ ಸ್ಕೋರ್ ಪಕ್ಕ ಸಣ್ಣದಾಗಿ ಎರಡು ಅಂಕಿ ಇರುತ್ತದೆ. ಕಾಮೆಂಟರಿಯವರು ಅದನ್ನು "ಥರ್ಡ್ ಅಂಡ್ ಸೆವೆನ್" ಅಂತಲೋ "ಸೆಕೆಂಡ್ ಅಂಡ್ ಟೆನ್" ಅಂತಲೋ ಓದುತ್ತಾರೆ. ಇಡೀ ಆಟದ ಕೀಲಿ ಅದು. ಸ್ಕೋರ್ ಆಮೇಲೆ ನೋಡಿದರೂ ಪರವಾಗಿಲ್ಲ, ಇದನ್ನು ಮಾತ್ರ ಪ್ರತಿ ಸಲ ನೋಡಿ.

ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು. ಈ ನಾಲ್ಕರೊಳಗೆ 10 ಯಾರ್ಡ್ ಮುಂದೆ ಹೋಗಬೇಕು. ಯಾರ್ಡ್ ಅಂದರೆ ನಮ್ಮ ಗಜವೇ, ಮೂರು ಅಡಿ. ಕ್ರಿಕೆಟ್ ಪಿಚ್ 22 ಗಜ, ಅಂದಮೇಲೆ ಇವರು ಹೋಗಬೇಕಾದ್ದು ಪಿಚ್‌ನ ಅರ್ಧಕ್ಕೂ ಸ್ವಲ್ಪ ಕಮ್ಮಿ. ಹತ್ತು ಗಜ ದಾಟಿದರೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ, ಅದೇ ಫಸ್ಟ್ ಡೌನ್. ದಾಟದಿದ್ದರೆ ಚೆಂಡು ನಿಂತ ಜಾಗದಲ್ಲೇ ಎದುರಾಳಿಗೆ. ಹಾಗಾಗಿ ಥರ್ಡ್ ಅಂಡ್ ಸೆವೆನ್ ಅಂದರೆ ಇದು ಮೂರನೇ ಅವಕಾಶ, ಇನ್ನೂ ಏಳು ಗಜ ಬಾಕಿ. ಅಷ್ಟೇ.

ಕಬಡ್ಡಿ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಒಂದೊಂದು ಡೌನ್ ಒಂದೊಂದು ರೇಡ್ ಇದ್ದ ಹಾಗೆ. ಶುರುವಾಗುತ್ತದೆ, ಹಿಡಿದು ಕೆಡವುತ್ತಾರೆ, ನಿಲ್ಲುತ್ತದೆ, ಮತ್ತೆ ಶುರು. ಆಟ ಪದೇ ಪದೇ ನಿಲ್ಲುತ್ತದೆ ಅಂತ ಬೇಸರ ಪಡುವವರಿಗೆ ನಾನು ಹೇಳುವುದು ಇಷ್ಟು: ಆ ನಿಂತ ಹೊತ್ತಿನಲ್ಲೇ ಯೋಚನೆ ನಡೆಯುತ್ತಿರುತ್ತದೆ. ಒಂದು ಪ್ಲೇ, ಅಂದರೆ ಒಂದು ಡೌನ್‌ನ ಆಟ, ಮುಗಿದ ಮೇಲೆ ಮುಂದಿನದನ್ನು ಶುರು ಮಾಡಲು 40 ಸೆಕೆಂಡು. ಅಷ್ಟರಲ್ಲಿ ಏನು ಮಾಡಬೇಕು ಅಂತ ಕೋಚ್ ಹೇಳಬೇಕು, ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಉಳಿದ ಹತ್ತು ಜನಕ್ಕೆ ತಿಳಿಸಬೇಕು, ಎಲ್ಲರೂ ಜಾಗಕ್ಕೆ ಬಂದು ನಿಲ್ಲಬೇಕು.

ಮೈದಾನದ ಮೇಲೆ ಕಾಣುವ ಹಳದಿ ಗೆರೆ ನಿಜವಾಗಿ ಹುಲ್ಲಿನ ಮೇಲೆ ಇರುವುದಿಲ್ಲ. 1998ರಿಂದ ಟಿವಿಯವರು ಕಂಪ್ಯೂಟರ್‌ನಲ್ಲಿ ಎಳೆದು ತೋರಿಸುತ್ತಿದ್ದಾರೆ. ಅದನ್ನು ದಾಟಿದರೆ ಫಸ್ಟ್ ಡೌನ್. ಚೆಂಡು ಇಟ್ಟ ಜಾಗದ ಗೆರೆಗೆ ಲೈನ್ ಆಫ್ ಸ್ಕ್ರಿಮೇಜ್ ಅನ್ನುತ್ತಾರೆ, ಎರಡೂ ತಂಡ ಅದರ ಆಚೆ ಈಚೆ ನಿಲ್ಲುತ್ತವೆ. ಹತ್ತು ಗಜ ಆಯಿತಾ ಇಲ್ಲವಾ ಅಂತ ಅನುಮಾನ ಬಂದರೆ ಮೊದಲೆಲ್ಲ ಇಬ್ಬರು ಸರಪಳಿ ಹಿಡಿದು ಓಡಿಬಂದು ಅಳೆಯುತ್ತಿದ್ದರು. 2025ರಿಂದ ಇಲ್ಲಿನ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆ ಅಳತೆಯನ್ನು ಹಾಕ್-ಐ ಕ್ಯಾಮೆರಾಗಳು ಮಾಡುತ್ತಿವೆ. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂ ನೋಡುತ್ತಾರಲ್ಲ, ಅದೇ ಹಾಕ್-ಐ. ಸರಪಳಿಯವರು ಈಗಲೂ ಗೆರೆ ಪಕ್ಕ ಇದ್ದಾರೆ, ನನಗೆ ಅದು ಸಮಾಧಾನ.

ಪಾಯಿಂಟ್ ಲೆಕ್ಕ ಬೇಗ ಮುಗಿಸೋಣ. ಮೈದಾನ 100 ಗಜ, ಎರಡೂ ಕೊನೆಯಲ್ಲಿ ಹತ್ತು ಹತ್ತು ಗಜದ ಎಂಡ್ ಝೋನ್. ಅಲ್ಲಿಗೆ ಚೆಂಡು ತೆಗೆದುಕೊಂಡು ಹೋದರೆ ಅಥವಾ ಅಲ್ಲೇ ನಿಂತು ಹಿಡಿದರೆ ಟಚ್‌ಡೌನ್, 6 ಪಾಯಿಂಟ್. ಅದಾದ ಮೇಲೆ ಒದ್ದು ಇನ್ನೊಂದು ಪಾಯಿಂಟ್ ತೆಗೆದುಕೊಳ್ಳಬಹುದು, ಇಲ್ಲ ಅಂದರೆ 2 ಗಜದ ಗೆರೆಯಿಂದ ಇನ್ನೊಮ್ಮೆ ನುಗ್ಗಿ ಎರಡು ಪಾಯಿಂಟ್‌ಗೆ ಪ್ರಯತ್ನಿಸಬಹುದು. ದೂರದಿಂದ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಪಾಯಿಂಟ್. ಚೆಂಡು ಹಿಡಿದವನನ್ನು ಅವನದ್ದೇ ಎಂಡ್ ಝೋನ್‌ನಲ್ಲಿ ಕೆಡವಿದರೆ ಸೇಫ್ಟಿ, ಕೆಡವಿದವರಿಗೆ 2 ಪಾಯಿಂಟ್, ಮೇಲಿಂದ ಚೆಂಡೂ ಅವರಿಗೇ ಒದ್ದು ಕೊಡಬೇಕು. ಈ ಸೇಫ್ಟಿ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ನಾಲ್ಕನೇ ಡೌನ್‌ನಲ್ಲಿ ಏನು ಮಾಡುತ್ತಾರೆ ಅನ್ನುವುದರಲ್ಲಿ ಕೋಚ್ ಎಂಥವನು ಅಂತ ಗೊತ್ತಾಗುತ್ತದೆ. ಹತ್ತು ಗಜ ಆಗಲ್ಲ ಅನ್ನಿಸಿದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಯನ್ನು ಹಿಂದಕ್ಕೆ ಕಳಿಸುವುದು ಒಂದು ದಾರಿ, ಅದು ಪಂಟ್. ಕಂಬ ಹತ್ತಿರವಿದ್ದರೆ ಫೀಲ್ಡ್ ಗೋಲ್. ಧೈರ್ಯ ಇದ್ದರೆ ಮತ್ತೊಮ್ಮೆ ನುಗ್ಗುವುದು. ಫೀಲ್ಡ್ ಗೋಲ್ ದೂರ ಎಷ್ಟು ಅಂತ ಮನೆಯಲ್ಲೇ ಲೆಕ್ಕ ಹಾಕಬಹುದು: ಚೆಂಡು ನಿಂತ ಗೆರೆಗೆ 17 ಸೇರಿಸಿ. ಕಂಬ ಎಂಡ್ ಝೋನ್‌ನ ಹಿಂದಿದೆ, ಅದಕ್ಕೆ 10. ಚೆಂಡನ್ನು ಹಿಂದಕ್ಕೆ ಎಸೆದು ನೆಲದ ಮೇಲೆ ನಿಲ್ಲಿಸಿ ಒದೆಯುತ್ತಾರೆ, ಅದಕ್ಕೆ ಸುಮಾರು 7. ಎದುರಾಳಿಯ 30 ಗಜದ ಗೆರೆಯಲ್ಲಿದ್ದರೆ ಅದು 47 ಗಜದ ಒದೆತ. ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿ ನೋಡಿ, ಪಕ್ಕದಲ್ಲಿ ಕೂತವರು ತಿರುಗಿ ನೋಡುತ್ತಾರೆ.

ಆ ಐದು ಜನ

ಈಗ ನಡುವಿಗೆ ಬರೋಣ. ಒಂದೊಂದು ತಂಡದಲ್ಲಿ 11 ಜನ ಮೈದಾನದಲ್ಲಿರುತ್ತಾರೆ. ಆಡುವುದಕ್ಕೆ ಒಂದು ಗುಂಪು, ತಡೆಯುವುದಕ್ಕೆ ಇನ್ನೊಂದು ಗುಂಪು, ಒದೆಯುವಾಗ ಮತ್ತೊಂದು. ಚೆಂಡು ಕೈ ಬದಲಾದ ತಕ್ಷಣ ಇಡೀ ಗುಂಪೇ ಬದಲಾಗುತ್ತದೆ.

ಚೆಂಡು ಇರುವ ತಂಡದ ಮುಂದೆ ಐದು ಜನ ಬಗ್ಗಿ ನಿಂತಿರುತ್ತಾರೆ. ಒಬ್ಬೊಬ್ಬರೂ 140 ಕಿಲೋ ಆಸುಪಾಸು. ನಡುವಿನವನು ಸೆಂಟರ್, ಅವನೇ ಕಾಲಿನ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವವನು, ಆ ಕೊಡುವುದಕ್ಕೆ ಸ್ನ್ಯಾಪ್ ಅಂತಾರೆ. ಅವನ ಎಡ ಬಲಕ್ಕೆ ಇಬ್ಬರು ಗಾರ್ಡ್. ಅವರ ಆಚೆ ಈಚೆ ಇಬ್ಬರು ಟ್ಯಾಕಲ್. ಎಲ್ಲ ಸೇರಿ ಅಫೆನ್ಸಿವ್ ಲೈನ್. ಸಾಮಾನ್ಯವಾಗಿ ಇವರು ಚೆಂಡು ಮುಂದಕ್ಕೆ ಎಸೆದಾಗ ಹಿಡಿಯುವ ಹಾಗೇ ಇಲ್ಲ. ಅದಕ್ಕೇ ಇವರ ಅಂಗಿ ಮೇಲೆ 50ರಿಂದ 79ರೊಳಗಿನ ನಂಬರ್. ಹೆಸರು ಪೇಪರ್‌ನಲ್ಲಿ ಬರುವುದಿಲ್ಲ, ತಪ್ಪು ಮಾಡಿದಾಗ ಮಾತ್ರ ರೆಫರಿ ಮೈಕಿನಲ್ಲಿ ನಂಬರ್ ಕೂಗುತ್ತಾರೆ.

ಸ್ನ್ಯಾಪ್ ಆದ ಕ್ಷಣ ಇವರನ್ನು ನೋಡಿ. ಐವರೂ ಮುಂದಕ್ಕೆ ನುಗ್ಗಿ ಎದುರಿನವರನ್ನು ತಳ್ಳಿದರೆ ಯಾರೋ ಚೆಂಡು ಹಿಡಿದು ಓಡುತ್ತಾರೆ ಅಂತ ಅರ್ಥ, ಅದು ರನ್. ಐವರೂ ಎದ್ದು ನಿಂತು, ಕೈ ಮುಂದೆ ಚಾಚಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟರೆ ಚೆಂಡು ಎಸೆಯುತ್ತಾರೆ, ಅದು ಪಾಸ್. ಅವರು ಹಿಂದಕ್ಕೆ ಸರಿಯುತ್ತಾ ಕ್ವಾರ್ಟರ್‌ಬ್ಯಾಕ್ ಸುತ್ತ ಒಂದು ಬಟ್ಟಲಿನ ಆಕಾರ ಮಾಡುತ್ತಾರೆ, ಅದರ ಹೆಸರು ಪಾಕೆಟ್. ಆ ಬಟ್ಟಲು ಮೂರು ಸೆಕೆಂಡು ಒಡೆಯದೆ ನಿಂತರೆ ಒಳ್ಳೆಯ ಕೆಲಸ. ಒಡೆದು ಎದುರಾಳಿ ಒಳಗೆ ಬಂದು ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ ಸ್ಯಾಕ್, ಗಜವೂ ಹೋಯಿತು, ಡೌನೂ ಹೋಯಿತು.

ಎಡಗಡೆಯ ಟ್ಯಾಕಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್ ತಿರುಗಿ ನಿಂತಾಗ ಅವನ ಬೆನ್ನು ಎಡಗಡೆಗೆ ಇರುತ್ತದೆ. ಆ ಕಡೆಯಿಂದ ಬರುವವನು ಅವನಿಗೆ ಕಾಣುವುದಿಲ್ಲ. ಆ ಬೆನ್ನು ಕಾಯುವವನು ಎಡ ಟ್ಯಾಕಲ್. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ಜೋ ಥಾಮಸ್ ಅಂತ ಒಬ್ಬರಿದ್ದರು, ನಂಬರ್ 73. 2007ರಲ್ಲಿ ಶುರು ಮಾಡಿ 2017ರಲ್ಲಿ ತೋಳಿಗೆ ಪೆಟ್ಟಾಗುವವರೆಗೆ ಒಂದೇ ಒಂದು ಸ್ನ್ಯಾಪ್ ಕೂಡ ಬಿಡದೆ ಆಡಿದರು. 10,363 ಸ್ನ್ಯಾಪ್, ಒಂದರ ಹಿಂದೆ ಒಂದು. ಅಷ್ಟು ವರ್ಷದಲ್ಲಿ ಅವರ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ಗಳು ಬದಲಾಗುತ್ತಲೇ ಹೋದರು, ತಂಡ ಸೋಲುತ್ತಲೇ ಇತ್ತು, ಅವರು ಒಂದು ಪ್ಲೇಆಫ್ ಪಂದ್ಯ ಕೂಡ ಆಡಲಿಲ್ಲ. ಆದರೂ 2023ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಟಚ್‌ಡೌನ್ ಮಾಡಿ ಕುಣಿಯುವವರಿಗಿಂತ ಇವರ ಕಥೆ ನನಗೆ ಹೆಚ್ಚು ಇಷ್ಟ.

ಚೆಂಡು ಮುಟ್ಟುವವರು

ಕ್ವಾರ್ಟರ್‌ಬ್ಯಾಕ್ ಹೆಸರು ನಿಮಗೆ ಮೊದಲೇ ಗೊತ್ತಿರುತ್ತದೆ. ಟಾಮ್ ಬ್ರೇಡಿ, ಪ್ಯಾಟ್ರಿಕ್ ಮಹೋಮ್ಸ್ ಇವರೆಲ್ಲ ಆ ಜಾಗದವರು. ಎಸೆಯುವುದು ಅವನ ಕೆಲಸದ ಅರ್ಧ ಮಾತ್ರ. ಅವನ ಹೆಲ್ಮೆಟ್ ಒಳಗೆ ಸಣ್ಣ ಸ್ಪೀಕರ್ ಇರುತ್ತದೆ, ಕೋಚ್ ಅದರಲ್ಲಿ ಪ್ಲೇ ಹೇಳುತ್ತಾರೆ, 40 ಸೆಕೆಂಡಿನ ಗಡಿಯಾರದಲ್ಲಿ 15 ಉಳಿದಾಗ ಅದು ತಾನಾಗೇ ಕಟ್ ಆಗುತ್ತದೆ. ಅಲ್ಲಿಂದ ಮುಂದೆ ಅವನು ಒಬ್ಬನೇ. ಎದುರು ನಿಂತವರನ್ನು ನೋಡಿ ಕೋಚ್ ಹೇಳಿದ್ದು ಕೆಲಸ ಮಾಡಲ್ಲ ಅನ್ನಿಸಿದರೆ ಅಲ್ಲೇ ಕೂಗಿ ಬದಲಾಯಿಸಬಹುದು, ಅದು ಆಡಿಬಲ್. ಅವನು ಕೈ ಬೀಸಿ ಬೆರಳು ತೋರಿಸಿ ಕೂಗುತ್ತಾನಲ್ಲ, ಅದರಲ್ಲಿ ಎಷ್ಟೋ ಎದುರಾಳಿಗೆ ಮೋಸ ಮಾಡಲು ಸುಮ್ನೆ ಕೂಗುವುದೂ ಇರುತ್ತದೆ.

ಅವನ ಪಕ್ಕ ಅಥವಾ ಹಿಂದೆ ನಿಂತವನು ರನ್ನಿಂಗ್ ಬ್ಯಾಕ್, ಚೆಂಡು ಕೈಗೆ ತೆಗೆದುಕೊಂಡು ನುಗ್ಗುವವನು. ಅವನಿಗೆ ದಾರಿ ಮಾಡಿಕೊಡಲು ಮುಂದೆ ಓಡುವ ಗಟ್ಟಿ ಆಸಾಮಿ ಫುಲ್‌ಬ್ಯಾಕ್, ಈಗೀಗ ಎಷ್ಟೋ ತಂಡಗಳು ಅವನನ್ನು ಇಟ್ಟುಕೊಳ್ಳುವುದೇ ಇಲ್ಲ. ಗೆರೆಯ ಎರಡೂ ಕೊನೆಗೆ ದೂರದಲ್ಲಿ ನಿಲ್ಲುವ ವೇಗದ ಹುಡುಗರು ವೈಡ್ ರಿಸೀವರ್, ಓಡಿ ಹೋಗಿ ಚೆಂಡು ಹಿಡಿಯುವವರು. ಅವರು ಓಡುವ ದಾರಿಗೆ ರೂಟ್ ಅಂತಾರೆ. ನೇರ ಓಡಿದರೆ ಗೋ, ಎರಡು ಮೂರು ಹೆಜ್ಜೆ ಇಟ್ಟು ಓರೆಯಾಗಿ ನಡುವಿಗೆ ಕತ್ತರಿಸಿದರೆ ಸ್ಲಾಂಟ್. ಕ್ವಾರ್ಟರ್‌ಬ್ಯಾಕ್ ಎಷ್ಟೋ ಸಲ ಅವರು ತಿರುಗುವ ಮುಂಚೆಯೇ ಎಸೆದುಬಿಟ್ಟಿರುತ್ತಾನೆ. ಮನುಷ್ಯ ಇಲ್ಲದ ಜಾಗಕ್ಕೆ ಎಸೆದ ಹಾಗೆ ಕಾಣುತ್ತದೆ, ಚೆಂಡು ಬರುವ ಹೊತ್ತಿಗೆ ಮನುಷ್ಯ ಅಲ್ಲಿರುತ್ತಾನೆ. ಟೈಟ್ ಎಂಡ್ ಅನ್ನುವವನು ಟ್ಯಾಕಲ್ ಪಕ್ಕದಲ್ಲೇ ನಿಲ್ಲುತ್ತಾನೆ, ಅರ್ಧ ಲೈನ್‌ಮನ್, ಅರ್ಧ ರಿಸೀವರ್. ಟೇಲರ್ ಸ್ವಿಫ್ಟ್ ಕಾರಣಕ್ಕೆ ಊರಲ್ಲೂ ಹೆಸರು ಕೇಳಿರುವ ಟ್ರಾವಿಸ್ ಕೆಲ್ಸಿ ಆಡುವುದು ಈ ಜಾಗದಲ್ಲಿ.

ಮೇಲೆ ಐವರ ಓಟ ನೋಡಿ ರನ್ನೋ ಪಾಸೋ ಹೇಳಬಹುದು ಅಂದೆ, ಅಲ್ವಾ? ಎದುರಾಳಿಗೂ ಅದು ಗೊತ್ತು. ಅದಕ್ಕೇ ಪ್ಲೇ ಆ್ಯಕ್ಷನ್ ಅನ್ನುವ ಉಪಾಯ ಇದೆ. ಲೈನ್‌ನವರು ರನ್ ಥರ ನುಗ್ಗುತ್ತಾರೆ, ಕ್ವಾರ್ಟರ್‌ಬ್ಯಾಕ್ ರನ್ನಿಂಗ್ ಬ್ಯಾಕ್ ಹೊಟ್ಟೆಗೆ ಚೆಂಡು ಕೊಟ್ಟ ಹಾಗೆ ಮಾಡಿ ಹಿಂದಕ್ಕೆ ಎಳೆದುಕೊಂಡು ದೂರಕ್ಕೆ ಎಸೆಯುತ್ತಾನೆ. ಇದು ಸರಿಯಾಗಿ ಬಿದ್ದಾಗ ನೋಡುವ ನಾವೂ ಮೋಸಹೋಗುತ್ತೇವೆ, ಕ್ಯಾಮೆರಾದವರೂ ಮೋಸಹೋಗುತ್ತಾರೆ.

ತಡೆಯುವವರು

ಡಿಫೆನ್ಸ್ ಮೂರು ಸಾಲು ಅಂತ ತಿಳಿದುಕೊಂಡರೆ ಸಾಕು. ಮುಂದಿನ ಸಾಲು ಡಿಫೆನ್ಸಿವ್ ಲೈನ್: ನಡುವೆ ಡಿಫೆನ್ಸಿವ್ ಟ್ಯಾಕಲ್, ಬದಿಯಲ್ಲಿ ಡಿಫೆನ್ಸಿವ್ ಎಂಡ್. ಟ್ಯಾಕಲ್ ಅನ್ನುವ ಪದ ಎರಡೂ ಕಡೆ ಬರುತ್ತದೆ, ಹಿಡಿದು ಕೆಡವುವುದಕ್ಕೂ ಅದೇ ಪದ, ಮೊದಮೊದಲು ಗೊಂದಲ ಆಗೇ ಆಗುತ್ತದೆ. ಎರಡನೇ ಸಾಲು ಲೈನ್‌ಬ್ಯಾಕರ್‌ಗಳು, ಎಲ್ಲ ಕೆಲಸಕ್ಕೂ ಸೈ: ಓಡುವವನನ್ನು ಹಿಡಿಯಬೇಕು, ಟೈಟ್ ಎಂಡ್ ಹಿಂದೆ ಓಡಬೇಕು, ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಬೇಕು. ಹಾಗೆ ಹಿಂದಿನ ಸಾಲಿನವರು ನುಗ್ಗುವುದಕ್ಕೆ ಬ್ಲಿಟ್ಝ್ ಅಂತಾರೆ. ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುವವನನ್ನು ಹುಡುಕಿ, ಸಾಮಾನ್ಯವಾಗಿ ಅವನೂ ಲೈನ್‌ಬ್ಯಾಕರ್ ಆಗಿರುತ್ತಾನೆ. ಡಿಫೆನ್ಸ್‌ನಲ್ಲಿ ಕೋಚ್ ಮಾತು ಕೇಳಿಸುವುದು ಅವನೊಬ್ಬನಿಗೇ.

ಕೊನೆಯ ಸಾಲು ವೈಡ್ ರಿಸೀವರ್‌ಗಳ ಎದುರು ನಿಲ್ಲುವ ಕಾರ್ನರ್‌ಬ್ಯಾಕ್‌ಗಳು, ಅವರ ಹಿಂದೆ ಎಲ್ಲಕ್ಕಿಂತ ಕೊನೆಗೆ ಸೇಫ್ಟಿಗಳು. ಹೌದು, ಸೇಫ್ಟಿ ಪಾಯಿಂಟಿನ ಹೆಸರೂ ಹೌದು, ಆಟಗಾರನ ಹೆಸರೂ ಹೌದು. ಕಾರ್ನರ್‌ಬ್ಯಾಕ್ ಕೆಲಸ ನನ್ನ ಪ್ರಕಾರ ಈ ಆಟದಲ್ಲೇ ಕಷ್ಟದ್ದು. ಎದುರಿನವನಿಗೆ ತಾನು ಎಲ್ಲಿಗೆ ಓಡುತ್ತೇನೆ ಅಂತ ಗೊತ್ತು, ಇವನಿಗೆ ಗೊತ್ತಿಲ್ಲ, ಆದರೂ ಹಿಮ್ಮುಖವಾಗಿ ಓಡುತ್ತಾ ಅವನನ್ನು ಬಿಡಬಾರದು. ಚೆಂಡು ಬರುವ ಮುಂಚೆ ಕೈ ಹಾಕಿದರೆ ಪಾಸ್ ಇಂಟರ್‌ಫಿಯರೆನ್ಸ್, ಎನ್‌ಎಫ್‌ಎಲ್‌ನಲ್ಲಿ ತಪ್ಪಾದ ಜಾಗಕ್ಕೇ ಚೆಂಡು ಹೋಗುತ್ತದೆ, ಒಮ್ಮೆಗೇ ನಲವತ್ತು ಗಜ ಹೋದರೂ ಹೋಯಿತು. ಎಸೆದ ಚೆಂಡನ್ನು ಇವನೇ ಹಿಡಿದುಬಿಟ್ಟರೆ ಇಂಟರ್‌ಸೆಪ್ಷನ್. ಓಡುವವನ ಕೈಯಿಂದ ಚೆಂಡು ಜಾರಿದರೆ ಫಂಬಲ್, ಯಾರು ಬಾಚಿಕೊಂಡರೆ ಅವರದ್ದು.

ಹಳದಿ ಬಟ್ಟೆ ನೆಲಕ್ಕೆ ಬಿತ್ತು ಅಂದರೆ ಯಾರೋ ತಪ್ಪು ಮಾಡಿದ್ದಾರೆ. ಎಲ್ಲವನ್ನೂ ಕಲಿಯಬೇಕಿಲ್ಲ. ಸ್ನ್ಯಾಪ್ ಮುಂಚೆ ಚೆಂಡಿನ ತಂಡದವನು ಅಲುಗಿದರೆ ಫಾಲ್ಸ್ ಸ್ಟಾರ್ಟ್, 5 ಗಜ ಹಿಂದಕ್ಕೆ. ಲೈನ್‌ನವನು ಎದುರಾಳಿಯ ಅಂಗಿ ಹಿಡಿದು ಎಳೆದರೆ ಹೋಲ್ಡಿಂಗ್, 10 ಗಜ. ಸೆಕೆಂಡ್ ಅಂಡ್ ಟೆನ್ ಇದ್ದದ್ದು ಸೆಕೆಂಡ್ ಅಂಡ್ ಟ್ವೆಂಟಿ ಆಗಿಬಿಡುತ್ತದೆ. ಡಿಫೆನ್ಸ್‌ನವನು ಸ್ನ್ಯಾಪ್ ಮುಂಚೆ ಗೆರೆ ದಾಟಿ ಮುಟ್ಟಿದರೆ ಎನ್‌ಕ್ರೋಚ್‌ಮೆಂಟ್, ಅವರಿಗೆ 5 ಗಜ ದಂಡ.

ಗಡಿಯಾರದ ವಿಷಯ ಒಂದು ಸಾಲಿನಲ್ಲಿ: ಎಸೆದ ಚೆಂಡು ಯಾರೂ ಹಿಡಿಯದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ಮೈದಾನದ ಒಳಗೆ ಕೆಡವಿದರೆ ಓಡುತ್ತಲೇ ಇರುತ್ತದೆ.

ಒಂದು ಪ್ಲೇ, ನಿಧಾನವಾಗಿ

ಇಷ್ಟು ಗೊತ್ತಾದ ಮೇಲೆ 2015ರ ಫೆಬ್ರವರಿ 1ರ ಸೂಪರ್ ಬೌಲ್‌ನ ಕೊನೆಯ ಒಂದು ನಿಮಿಷವನ್ನು ಹುಡುಕಿ ನೋಡಿ. ಸೂಪರ್ ಬೌಲ್ ಅಂದರೆ ಎನ್‌ಎಫ್‌ಎಲ್ ಫೈನಲ್. ಅರಿಝೋನಾದಲ್ಲಿ ನಡೆದದ್ದು. ಊರಲ್ಲಿ ಆಗ ಸೋಮವಾರ ಬೆಳಗ್ಗೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28, ಸಿಯಾಟಲ್ ಸೀಹಾಕ್ಸ್ 24. ನಾಲ್ಕು ಪಾಯಿಂಟ್ ಹಿಂದೆ ಇರುವುದರಿಂದ ಸಿಯಾಟಲ್‌ಗೆ ಫೀಲ್ಡ್ ಗೋಲ್ ಸಾಲದು, ಟಚ್‌ಡೌನೇ ಬೇಕು.

5 ಗಜದ ಗೆರೆಯಿಂದ ಸಿಯಾಟಲ್‌ನ ರನ್ನಿಂಗ್ ಬ್ಯಾಕ್ ಮಾರ್ಶಾನ್ ಲಿಂಚ್ ನುಗ್ಗಿದರು. ಲೈನ್‌ಬ್ಯಾಕರ್ ಡಾಂಟಾ ಹೈಟವರ್ ಅವರನ್ನು 1 ಗಜದಲ್ಲಿ ಕೆಡವಿದರು. ಆ ಟ್ಯಾಕಲ್ ಯಾರೂ ನೆನಪಿಟ್ಟುಕೊಂಡಿಲ್ಲ, ಅದು ತಪ್ಪಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಈಗ ಸೆಕೆಂಡ್ ಅಂಡ್ ಗೋಲ್, ಅಂದರೆ ಎರಡನೇ ಅವಕಾಶ, ಇರುವ ದೂರವೆಲ್ಲ ಎಂಡ್ ಝೋನ್‌ಗೇ. ಗಡಿಯಾರ ಓಡುತ್ತಾ ಇದೆ. ಸ್ನ್ಯಾಪ್ ಆಗುವಾಗ 26 ಸೆಕೆಂಡು ಉಳಿದಿತ್ತು, ಸಿಯಾಟಲ್ ಹತ್ತಿರ ಗಡಿಯಾರ ನಿಲ್ಲಿಸಲು ಒಂದೇ ಟೈಮ್‌ಔಟ್.

ಎಲ್ಲರೂ ಲಿಂಚ್‌ಗೆ ಕೊಡುತ್ತಾರೆ ಅಂದುಕೊಂಡರು. ಆದರೆ ಸಿಯಾಟಲ್ ಎಸೆಯಲು ನಿರ್ಧರಿಸಿತು. ಚೆಂಡು ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ಇನ್ನೂ ಎರಡು ಅವಕಾಶ ಸಿಗುತ್ತದೆ ಅನ್ನುವುದು ಲೆಕ್ಕ. ಬಲಗಡೆ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೆ ಒಬ್ಬರು ನಿಂತರು: ಮುಂದೆ ಜರ್ಮೇನ್ ಕರ್ಸ್, ಹಿಂದೆ ರಿಕಾರ್ಡೊ ಲಾಕೆಟ್. ಮುಂದಿನವನು ಅಡ್ಡ ಹಾಕಬೇಕು, ಹಿಂದಿನವನು ಅವನ ಮರೆಯಲ್ಲಿ ಸ್ಲಾಂಟ್ ಓಡಬೇಕು.

ಎದುರಿಗೆ ಇಬ್ಬರು ಕಾರ್ನರ್‌ಬ್ಯಾಕ್. ಮುಂದೆ ಬ್ರ್ಯಾಂಡನ್ ಬ್ರೌನರ್, ಮೊದಲು ಸಿಯಾಟಲ್‌ನಲ್ಲೇ ಆಡಿದ್ದವರು. ಹಿಂದೆ ಮಾಲ್ಕಮ್ ಬಟ್ಲರ್, ನಂಬರ್ 21, ಅದೇ ಅವರ ಮೊದಲ ವರ್ಷ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರನ್ನು ಆರಿಸಿರಲಿಲ್ಲ. ಇದೇ ಪ್ಲೇಯಲ್ಲಿ ಪ್ರಾಕ್ಟೀಸ್‌ನಲ್ಲಿ ಅವರು ಸೋತಿದ್ದರು. ಸ್ನ್ಯಾಪ್ ಆದ ತಕ್ಷಣ ಬ್ರೌನರ್ ಎರಡೂ ಕೈಯಿಂದ ಕರ್ಸ್ ಎದೆಗೆ ಒತ್ತಿ ಒಂದು ಹೆಜ್ಜೆ ಮುಂದೆ ಬರಲು ಬಿಡಲಿಲ್ಲ. ಆ ಮರೆ ಬೀಳಲೇ ಇಲ್ಲ. ಬಟ್ಲರ್‌ಗೆ ದಾರಿ ತೆರೆದುಕೊಂಡಿತು, ಲಾಕೆಟ್ ಕಾಲು ತಿರುಗುವ ಮುಂಚೆಯೇ ಅವರು ಹೊರಟಿದ್ದರು, ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಎಸೆದ ಚೆಂಡು ಲಾಕೆಟ್ ಕೈ ಸೇರುವ ಮುಂಚೆ ಇವರ ಕೈಯಲ್ಲಿತ್ತು. ಇಂಟರ್‌ಸೆಪ್ಷನ್. ವಿಡಿಯೋ ಮೊದಲ ಸಲ ನೋಡುವಾಗ ಬಟ್ಲರ್ ಕಾಣುತ್ತಾರೆ. ಎರಡನೇ ಸಲ ಬ್ರೌನರ್ ಕೈ ನೋಡಿ.

ಇಲ್ಲಿಗೆ ಎಷ್ಟೋ ಜನ ವಿಡಿಯೋ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಈಗ ಚೆಂಡು ಪೇಟ್ರಿಯಟ್ಸ್ ಕೈಯಲ್ಲಿ, ಆದರೆ ಅವರದ್ದೇ ಎಂಡ್ ಝೋನ್‌ನಿಂದ ಒಂದು ಗಜದಲ್ಲಿ, ಇನ್ನೂ 20 ಸೆಕೆಂಡು ಇದೆ. ಗೆಲ್ಲುತ್ತಿರುವ ತಂಡ ಸಾಮಾನ್ಯವಾಗಿ ಚೆಂಡು ಹಿಡಿದು ಮಂಡಿಯೂರಿ, ಅಂದರೆ ತಾನೇ ಕೆಳಗೆ ಬಿದ್ದ ಲೆಕ್ಕ ಮಾಡಿ, ಗಡಿಯಾರ ಓಡಿಸುತ್ತದೆ. ಇಲ್ಲಿ ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಬ್ರೇಡಿ ಹಿಂದಕ್ಕೆ ಬಂದು ಮಂಡಿಯೂರಿದರೆ ಅದು ಎಂಡ್ ಝೋನ್ ಒಳಗೆ, ಸೇಫ್ಟಿ. 28-26 ಆಗುತ್ತದೆ, ಚೆಂಡನ್ನೂ ಸಿಯಾಟಲ್‌ಗೆ ಒದ್ದು ಕೊಡಬೇಕು, ಆಮೇಲೆ ಅವರಿಗೆ ಒಂದು ಫೀಲ್ಡ್ ಗೋಲ್ ಸಾಕು. ಹಾಗಾಗಿ ಬ್ರೇಡಿ ಲೈನ್ ಹಿಂದೆ ನಿಂತು ಸ್ನ್ಯಾಪ್ ತೆಗೆದುಕೊಳ್ಳದೆ ಜೋರಾಗಿ ಕೂಗುತ್ತಾ ಹೋದರು. ಲೈನ್‌ನ ಐವರೂ ಕಲ್ಲಿನ ಹಾಗೆ ಅಲುಗದೆ ಬಗ್ಗಿ ನಿಂತಿದ್ದರು. ಎದುರಿದ್ದ ಮೈಕಲ್ ಬೆನೆಟ್ ತಡೆಯಲಾರದೆ ಗೆರೆ ದಾಟಿ ಜಿಗಿದರು. ಎನ್‌ಕ್ರೋಚ್‌ಮೆಂಟ್, 5 ಗಜ. ಈಗ ಮಂಡಿಯೂರಲು ಜಾಗ ಸಿಕ್ಕಿತು. ಬ್ರೇಡಿ ಚೆಂಡು ತೆಗೆದುಕೊಂಡು ಮಂಡಿಯೂರಿದರು.